ಹೆಸರಿಗೆ ಮೊದಲು

ಆ ಊರಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ಲೇಟಾಗುತ್ತಿದ್ದರು, ಅಷ್ಟೆ.

ಊರಿನ ಹೆಸರು ಬೇಡ. ಹೇಳಿದರೆ ನೋಡಿಕೊಂಡು ಬರೋಣವೆಂದು ಹೊರಡುತ್ತೀರಿ. ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸಾಲು ಸಾಲು ತೆರೆದ ಬಾಗಿಲು, ಬಾಗಿಲ ಒಳಗೆ ಸಾಲು ಸಾಲು ಬೆನ್ನು, ಇಷ್ಟೇ ನಿಮಗೆ ಕಾಣುವುದು. ಒಂದು ಮುಖವೂ ನಿಮ್ಮ ಕಡೆ ತಿರುಗುವುದಿಲ್ಲ. ಅದು ಸೊಕ್ಕಲ್ಲ, ಅವರ ಮರ್ಯಾದೆ. ಅದೆಂಥ ಮರ್ಯಾದೆ ಎನ್ನುವುದನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಆ ತಾಯಿ ಮಾಡಿದ್ದು ನಿಮಗೆ ಅರ್ಥವಾಗದೆ ಸುಮ್ಮನೆ ಅವಳನ್ನು ಬೈಯುತ್ತೀರಿ.

ಒಂದು ಕಾಲದಲ್ಲಿ ಆ ಊರಿಗೆ ರೈಲು ಬರುತ್ತಿತ್ತು. ಹೊಳೆಯಾಚೆಯ ಪಟ್ಟಣದಿಂದ ಹೊರಟು, ಸೇತುವೆ ದಾಟಿ, ದೀಪ ಹಚ್ಚುವ ಹೊತ್ತಿಗೆ ಬಂದು ನಿಲ್ಲುತ್ತಿತ್ತು. ಸ್ಟೇಷನ್ನಿನಲ್ಲಿ ಒಬ್ಬ ಮಾಸ್ತರನಿದ್ದ. ಬೇರೆ ಸೀಮೆಯವನು, ಒಳ್ಳೆಯವನು, ಊರವರ ಭಾಷೆ ಮಾತ್ರ ಅವನಿಗೆ ಅಷ್ಟಕ್ಕಷ್ಟೆ. ಒಂದು ಸಂಜೆ ರೈಲು ಬರಲಿಲ್ಲ. ತಮ್ಮ ತಮ್ಮವರನ್ನು ಕರೆದುಕೊಂಡು ಹೋಗಲು ಬಂದಿದ್ದ ಜನ ಮಾಸ್ತರನನ್ನು ಮುತ್ತಿಕೊಂಡರು. ಅವನು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಪದ ಬರೆದು ಓದಿ ಹೇಳಿದ. ಲೇಟ್. ಹಾಗಂದರೇನು ಎಂದು ಕೇಳಿದರು. ಇನ್ನೂ ಬಂದಿಲ್ಲ, ಬರುತ್ತದೆ ಎಂದ.

ಜನ ಕಾಯುತ್ತ ಕೂತರು. ಸ್ವಲ್ಪ ಹೊತ್ತಿಗೆ ಒಳಗೆ ತಂತಿಯ ಯಂತ್ರ ಕಟಕಟ ಎಂದಿತು. ಬಗ್ಗಿ ಕೇಳಿಸಿಕೊಂಡ ಮಾಸ್ತರ ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಪ್ಲಾಟ್‌ಫಾರಂ ಮೇಲೆ ನೆಟ್ಟಗೆ ನಿಂತು, ಟೋಪಿ ತೆಗೆದು, ಒಂದೊಂದೇ ಹೆಸರು ಹೇಳತೊಡಗಿದ. ಪ್ರತಿ ಹೆಸರಿಗೂ ಮೊದಲು ಅದೇ ಪದ. ಲೇಟ್ ಇಂಥವರು, ಲೇಟ್ ಇಂಥವರು. ಬೇರೆ ಪದ ಅವನಿಗೆ ಬರುತ್ತಿರಲಿಲ್ಲವೋ, ಬಂದರೂ ಬಾಯಿಂದ ಹೊರಡಲಿಲ್ಲವೋ. ಊರವರಿಗೆ ಗೊತ್ತಿದ್ದುದು ಕರಿಹಲಗೆಯ ಅರ್ಥ ಒಂದೇ. ಪ್ರತಿ ಹೆಸರು ಕೇಳಿದಾಗಲೂ ಅವರು ನೆಮ್ಮದಿಯಿಂದ, ಬರ್ತಾರೆ, ಎಂದರು.

ಬೆಳಗಾದ ಮೇಲೆ ಹೊಳೆಯ ಮೇಲೆ ಸೇತುವೆ ಇಲ್ಲದ್ದು ಎಲ್ಲರಿಗೂ ಕಂಡಿತು. ಸೇತುವೆ ಬಿದ್ದ ಮೇಲೆ ಲೇಟಾಗದೆ ಇನ್ನೇನಾಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮನೆಗೆ ಹೋದರು.

ಮಾಸ್ತರ ಹೊರಟುಹೋದ. ಹಳಿಗೆ ತುಕ್ಕು ಹಿಡಿಯಿತು, ಹಳಿಯ ನಡುವೆ ಹುಲ್ಲು ಬೆಳೆಯಿತು. ಆ ಪದ ಮಾತ್ರ ಊರಲ್ಲೇ ಉಳಿದುಕೊಂಡಿತು. ಆಮೇಲೆ ಜ್ವರ ಬಂದು ಕಣ್ಮುಚ್ಚಿದವರು ಲೇಟಾದರು, ಹಾವು ಕಚ್ಚಿದವರು ಲೇಟಾದರು, ವಯಸ್ಸಾಗಿ ಮಲಗಿದ್ದಲ್ಲೇ ಹೋದವರೂ ಲೇಟಾದರು. ಯಾರಿಗೂ ಕಣ್ಣೀರು ಹಾಕುವ ಪ್ರಮೇಯ ಬರಲಿಲ್ಲ, ಎಳ್ಳು ನೀರು ಬಿಡುವ ಪ್ರಮೇಯ ಬರಲಿಲ್ಲ. ಬರುವವರಿಗೆ ಯಾರಾದರೂ ಎಳ್ಳು ನೀರು ಬಿಡುತ್ತಾರೆಯೇ? ಸತ್ತ ಎನ್ನುವ ಪದ ಊರ ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಸಂಜೆ ದೀಪ ಹಚ್ಚಿದ ಕೂಡಲೆ ಊರಬಾಗಿಲು ಮುಚ್ಚುತ್ತಿದ್ದರು. ಮಾಸ್ತರ ನಿಂತಿದ್ದ ಜಾಗದಲ್ಲಿ ಹೆಸರು ಕೂಗುವವನು ನಿಂತು, ಆ ಹೊತ್ತಿಗೆ ಊರೊಳಗೆ ಇಲ್ಲದ ಒಬ್ಬೊಬ್ಬರನ್ನೇ ಕೂಗುತ್ತಿದ್ದ. ಲೇಟ್ ಇಂಥವರು. ಮನೆಮನೆಯಿಂದ ಜನ, ಬರ್ತಾರೆ, ಎನ್ನುತ್ತಿದ್ದರು. ಆಮೇಲೆ ಮನೆಯ ಬಾಗಿಲುಗಳನ್ನು ತೆರೆದಿಟ್ಟು, ಹೊಸ್ತಿಲ ಒಳಗೆ ಒಂದು ತಟ್ಟೆ ಬಿಸಿ ಅನ್ನ ಬಡಿಸಿಟ್ಟು, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ತಡವಾಗಿ ಬಂದವರಿಗೆ ಮುಖ ತೋರಿಸಲು ನಾಚಿಕೆಯಾಗುತ್ತದಲ್ಲ, ಅದಕ್ಕೆ. ತಿರುಗಿ ನೋಡಕೂಡದು, ಯಾಕೆ ಇಷ್ಟು ಹೊತ್ತು ಎಂದು ಕೇಳಕೂಡದು, ಮಾತೇ ಆಡಿಸಕೂಡದು. ಯಾರಾದರೂ ತಿರುಗಿ ನೋಡಿದರೆ ಆ ಮನೆಯ ಲೇಟಾದವರು ನಾಚಿ ಹಿಂದಕ್ಕೆ ಹೋಗುತ್ತಾರೆ, ಇನ್ನೆಂದೂ ಬರುವುದಿಲ್ಲ. ಇದು ಊರಿನ ಕಟ್ಟಳೆ.

ಬೆಳಿಗ್ಗೆ ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಅದನ್ನು ಅಂಗಳಕ್ಕೆ ಹಾಕಿದರೆ ಕಾಗೆಗಳು ಮುತ್ತುತ್ತಿದ್ದವು. ನಮ್ಮೂರಿನ ಕಾಗೆಗಳಿಗೆ ಅದೇನು ಹಸಿವೋ ಎಂದು ಜನ ನಗುತ್ತಿದ್ದರು. ಬಂದವರನ್ನು ಆಮೇಲೆ ಏನು ಮಾಡಬೇಕು, ಯಾವಾಗ ಒಳಗೆ ಕರೆಯಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಬಂದಿರಲಿಲ್ಲವಲ್ಲ. ಬರಲಿ, ಬಂದಾಗ ನೋಡಿಕೊಂಡರಾಯಿತು ಎಂದು ಹಿರಿಯರು ಹೇಳುತ್ತಿದ್ದರು.

ಆ ತಾಯಿಯ ಗಂಡ ಆ ರೈಲಿನಲ್ಲಿದ್ದ. ಮಗಳಿಗೆ ತೊಟ್ಟಿಲು ತರಲು ಹೋದವನು. ಹೋಗುವಾಗ ಎಳೆಮಗುವಿನ ಅಂಗಾಲಿಗೆ ಮೂಗು ತಾಗಿಸಿ, ಕೆಂಪಗಿದಾಳೆ, ಕೆಂಪಾಜಿ ಅಂತ ಕರೆಯೋಣ ಎಂದಿದ್ದ. ತೊಟ್ಟಿಲೂ ಲೇಟಾಯಿತು, ಅವನೂ ಲೇಟಾದ. ಮಗು ತಾಯಿಯ ಸೀರೆಯ ಜೋಲಿಯಲ್ಲಿ ಬೆಳೆದು, ಓಡಾಡಿ, ಲಂಗ ಬಿಟ್ಟು ಸೀರೆ ಉಡುವ ವಯಸ್ಸಿಗೆ ಬಂದಳು. ಸಂಜೆಸಂಜೆಯೂ ತಾಯಿ ಮಗಳು ಅಕ್ಕಪಕ್ಕ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಬೆನ್ನ ಹಿಂದೆ ಅನ್ನ ಆರುತ್ತಿತ್ತು.

ತಾಯಿಗೆ ಅದು ದಿನದ ಒಳ್ಳೆಯ ಹೊತ್ತು. ಇದನ್ನು ನೀವು ನಂಬಬೇಕು. ಬೇರೆಡೆ ಗಂಡ ಇಲ್ಲದ ಹೆಂಗಸರು ಪಡುವ ಯಾವ ಪಾಡನ್ನೂ ಅವಳು ಪಟ್ಟಿರಲಿಲ್ಲ. ಗಾಳಿಗೆ ಕದ ಅಲ್ಲಾಡಿದರೂ ಬಂದನೇನೋ ಎಂದು ಅವಳ ಬೆನ್ನು ಜುಮ್ಮೆನ್ನುತ್ತಿತ್ತು. ಆ ಜುಮ್ಮೇ ಅವಳ ಸಂಸಾರವಾಗಿತ್ತು.

ಮಗಳು ಹಾಗಲ್ಲ. ಅವಳು ಕಾಣದ ಅಪ್ಪನನ್ನು ಕಾಯುತ್ತಿದ್ದವಳು. ಎಷ್ಟು ಲೇಟು ಎಂದು ಕೇಳುತ್ತಿದ್ದಳು, ಯಾವುದಕ್ಕೆ ಲೇಟು ಎಂದು ಕೇಳುತ್ತಿದ್ದಳು. ತಾಯಿ ಶ್ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಕೆಂಪಾಜಿ ತಲೆ ಬಾಚಿಕೊಂಡು, ಹೊಳೆಯಾಚೆಯ ಪಟ್ಟಣಕ್ಕೆ ಹೋಗುತ್ತೇನೆ, ಈ ಪದ ಅಲ್ಲಿಂದ ತಾನೆ ಬಂದದ್ದು, ಇದರ ಅರ್ಥ ಬಲ್ಲವರನ್ನು ಕೇಳಿಕೊಂಡು ಬರುತ್ತೇನೆ ಎಂದಳು. ತಾಯಿಗೆ ಒಳಗೊಳಗೇ ದಿಗಿಲಾಯಿತು. ಆದರೂ ಬೇಡ ಎನ್ನಲು ಕಾರಣ ಸಿಗಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಮುಂಚೆ ಬಂದುಬಿಡು ಎಂದಷ್ಟೇ ಹೇಳಿ, ಬುತ್ತಿ ಕಟ್ಟಿಕೊಟ್ಟಳು.

ಹೊಳೆ ದಾಟಿಸುವವನು ಹೋಗುವಾಗ ಬೇಗ ದಾಟಿಸಿದ. ಬರುವಾಗ ನೀರು ಏರಿತ್ತು. ಅವನು ಹರಿಗೋಲನ್ನು ದಡಕ್ಕೆ ಎಳೆದು ಹಾಕಿ, ಇಳಿಯಲಿ ತಡಿ ಎಂದು ಬೀಡಿ ಹಚ್ಚಿ ಕೂತ. ಕೆಂಪಾಜಿ ಈಚೆ ದಡಕ್ಕೆ ಕಾಲಿಟ್ಟಾಗ ಊರಿನ ದೀಪಗಳು ಹತ್ತಿಕೊಂಡಿದ್ದವು. ಮುಚ್ಚುತ್ತಿದ್ದ ಊರಬಾಗಿಲ ಸಂದಿಯಲ್ಲಿ ಅವಳು ನುಗ್ಗಿ ಓಡಿ ಬರುವಷ್ಟರಲ್ಲಿ ಪ್ಲಾಟ್‌ಫಾರಂ ಕಡೆಯಿಂದ ಕೂಗು ಕೇಳಿಸಿತು. ಲೇಟ್ ಕೆಂಪಾಜಿ.

ಬರ್ತಾರೆ, ಎಂದಿತು ಊರು. ಬರ್ತಾರೆ, ಎಂದಳು ತಾಯಿ, ತನ್ನ ಮಗಳಿಗೇ ಬಹುವಚನ ಹಚ್ಚಿ. ಕಟ್ಟಳೆ ಗೊತ್ತಿದ್ದವಳು. ಹೊಸ್ತಿಲ ಒಳಗೆ ಗಂಡನ ತಟ್ಟೆಯ ಪಕ್ಕಕ್ಕೆ ಇನ್ನೊಂದು ತಟ್ಟೆ ಇಟ್ಟು, ಅನ್ನ ಬಡಿಸಿ, ತಿರುಗಿ ಕೂತಳು.

ಆಗ ಹೆಜ್ಜೆಯ ಸದ್ದಾಯಿತು. ಏದುಸಿರು ಕೇಳಿಸಿತು. ಅವ್ವಾ, ಎಂದಳು ಕೆಂಪಾಜಿ.

ತಾಯಿ ತಿರುಗಲಿಲ್ಲ. ಆ ಊರಿನಲ್ಲಿ ಮೊದಲ ಸಲ ಲೇಟಾದವರೊಬ್ಬರು ಬಂದಿದ್ದರು. ಈಗ ತಿರುಗಿದರೆ ಹೋಗಿಬಿಡುತ್ತಾಳೆ ಎಂದು ಕತ್ತು ಬಿಗಿದು, ಗೋಡೆಯನ್ನೇ ನೋಡುತ್ತ ಕೂತಳು. ಕೆಂಪಾಜಿ ನಕ್ಕಳು. ನಾನು ಕಣವ್ವ, ಹೊಳೆ ಏರಿತ್ತು, ಅದಕ್ಕೇ ಹೊತ್ತಾಯ್ತು ಎಂದಳು. ಎದುರಿಗೆ ಬಂದು ನಿಂತಳು. ತಾಯಿ ಕಣ್ಣು ಮುಚ್ಚಿಕೊಂಡಳು. ಮಗಳ ನಗು ನಿಂತಿತು.

ಹಸಿವಾಗಿತ್ತು. ಕೂತು ಅನ್ನ ಉಂಡಳು. ಎದ್ದು ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟಳು. ಆ ನೀರಿನ ಸದ್ದನ್ನು ತಾಯಿ ಕೇಳಿಸಿಕೊಂಡಳು.

ಬೆಳಿಗ್ಗೆ ಕೆಂಪಾಜಿ ಜಗಲಿಯ ಮೇಲೆ ಕೂತಿದ್ದಳು. ಹಾದು ಹೋದವರೆಲ್ಲ ಮುಖ ಆಚೆ ತಿರುಗಿಸಿಕೊಂಡು ಹೋದರು. ಬಾವಿಕಟ್ಟೆಯಲ್ಲಿ ಅವಳ ಜೊತೆಯವರು ಅವಳು ಬಂದದ್ದನ್ನು ಕಂಡು ಬೆನ್ನು ತಿರುಗಿಸಿದರು, ಪ್ರೀತಿಯಿಂದಲೇ ತಿರುಗಿಸಿದರು. ಅವಳು ಒಬ್ಬಳ ಭುಜ ಹಿಡಿದು ಅಲ್ಲಾಡಿಸಿದಳು. ಆ ಹುಡುಗಿ ಕಣ್ಣು ಮುಚ್ಚಿಕೊಂಡು, ನಾಚ್ಕೋಬೇಡಿ, ನಾವು ನೋಡಲ್ಲ ಎಂದು ಗಾಳಿಗೆ ಹೇಳಿದಳು. ಸತ್ತವರನ್ನೆಲ್ಲ ತಡವಾದವರೆಂದು ಸಾಕುತ್ತಿದ್ದ ಊರು, ನಿಜಕ್ಕೂ ತಡವಾದ ಒಬ್ಬಳನ್ನು ಏನು ಮಾಡಿತು ನೋಡಿ.

ಸಂಜೆ ಮತ್ತೆ ಅವಳ ಹೆಸರು ಕೂಗಿದರು. ಮತ್ತೆ ಎರಡು ತಟ್ಟೆ, ಮತ್ತೆ ತಾಯಿಯ ಬೆನ್ನು. ಆ ಸಂಜೆ ಕೆಂಪಾಜಿ ತಾಯಿಯ ಹಿಂದೆ ಕೂತು ತಾನು ಕೇಳಿಕೊಂಡು ಬಂದದ್ದನ್ನು ಹೇಳಿದಳು. ಪಟ್ಟಣದಲ್ಲಿ ಮಕ್ಕಳಿಗೆ ಪಾಠ ಹೇಳುವ ಹೆಂಗಸೊಬ್ಬಳನ್ನು ಕಂಡಿದ್ದಳಂತೆ. ಆ ಹೆಂಗಸು ಮೊದಲು ನಕ್ಕಳಂತೆ, ಆಮೇಲೆ ಅಪ್ಪನ ವಿಷಯ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಂತೆ.

"ಅವ್ವಾ, ಆ ಪದಕ್ಕೆ ಎರಡು ಅರ್ಥವಂತೆ. ಅದು ಎಲ್ಲಿ ಕೂರುತ್ತೆ ಅಂತ ನೋಡ್ಬೇಕಂತೆ. ಹೆಸರಾದ ಮೇಲೆ ಬಂದ್ರೆ, ಇನ್ನೂ ಬಂದಿಲ್ಲ, ಬರ್ತಾರೆ ಅಂತ. ಹೆಸರಿಗೆ ಮೊದಲು ಬಂದ್ರೆ..." ಅವಳು ತಾಯಿಯ ಹತ್ತಿರಕ್ಕೆ ಸರಿದಳು. "ಹೆಸರಿಗೆ ಮೊದಲು ಬಂದ್ರೆ ಇನ್ನು ಬರೋದೇ ಇಲ್ಲ ಅಂತ. ಅಪ್ಪಂದು ಮೊದಲಿಂದು ಕಣವ್ವ. ನಂದು ಆಮೇಲಿಂದು. ಕೂಗೋರಿಗೆ ಹೇಳು, ನನ್ನ ಹೆಸರಿನ ಮುಂಚೆ ಇರೋದನ್ನ ತೆಗೆದು ಹಿಂದಕ್ಕೆ ಹಾಕ್ಲಿ. ಕೆಂಪಾಜಿ ಲೇಟು. ಅಷ್ಟು ಅಂದ್ರೆ ಸಾಕು."

ತಾಯಿಯ ಹೆಗಲ ಮೇಲೆ ಕೈಯಿಟ್ಟಳು. ಕೈ ಬೆಚ್ಚಗಿತ್ತು. ಲೇಟಾದವರ ಕೈ ಬೆಚ್ಚಗಿರುತ್ತದೋ ಇಲ್ಲವೋ ತಾಯಿಗೆ ಗೊತ್ತಿರಲಿಲ್ಲ. ಗಂಡನ ಕೈಯೂ ಬೆಚ್ಚಗಿದ್ದೀತು ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಯಾಕೆಂದರೆ ಮಗಳ ಕೈ ಮಗಳ ಕೈಯೇ ಎಂದು ಅವಳ ಹೆಗಲಿಗೆ ಗೊತ್ತಾಗಿತ್ತು. ತೊಳೆದಿಟ್ಟ ತಟ್ಟೆಯೂ ಅದನ್ನೇ ಹೇಳುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಮಾರನೆಯ ದಿನ ಅವಳು ಹೆಸರು ಕೂಗುವವನ ಬಳಿಗೆ ಹೋದಳು. ಅವನು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ವಯಸ್ಸಾದವನು, ಕೂಗಿ ಕೂಗಿ ಗಂಟಲು ಒಡೆದಿತ್ತು. ಅಣ್ಣ, ಆ ಪದವನ್ನು ಹೆಸರಾದ ಮೇಲೆ ಹಾಕಬಹುದೇ ಎಂದು ಅವಳು ಸುತ್ತಿ ಬಳಸಿ ಕೇಳಿದಳು. ಅವನು ಎಲೆಯುಗುಳನ್ನು ಹಳಿಯ ಮೇಲೆ ಉಗುಳಿದ.

"ಹಾಕ್ಬೋದು ತಾಯಿ. ನಾಲಿಗೆಗೇನು, ಹೇಗೆ ತಿರುಗಿಸಿದ್ರೂ ತಿರುಗುತ್ತೆ," ಎಂದ. "ಆದ್ರೆ ಒಬ್ಬರಿಗೆ ಹಿಂದೆ ಹಾಕಿದ್ರೆ, ಮಿಕ್ಕವರದು ಯಾಕೆ ಮುಂದಿದೆ ಅಂತ ಊರು ಕೇಳುತ್ತೆ. ನಿನ್ನ ಯಜಮಾನ್ರದು ಎಲ್ಲಿ ಹಾಕ್ಲಿ, ನೀನೇ ಹೇಳು."

ಅವಳು ಅವನ ಮುಖ ನೋಡಿದಳು. ಅವನಿಗೆ ಗೊತ್ತಿತ್ತು. ಆ ರೈಲಿನಲ್ಲಿ ಅವನ ತಮ್ಮನಿದ್ದ. ಆ ಸಂಜೆ ಮಾಸ್ತರನ ಮಗ್ಗುಲಲ್ಲೇ ನಿಂತು ಅವನ ಮುಖ ಕಂಡವನು ಇವನೇ. ಗೊತ್ತಿದ್ದೂ ಇಷ್ಟು ಕಾಲ ಕೂಗುತ್ತ ಬಂದಿದ್ದ.

ಅವಳು ಮನೆಗೆ ಬಂದು ಅನ್ನಕ್ಕಿಟ್ಟಳು.

ಇಲ್ಲಿ ಅವಳನ್ನು ಬೈಯಬೇಡಿ ಎಂದು ಮೊದಲೇ ಹೇಳಿದ್ದೆ. ತಿರುಗಿದರೆ ಮಗಳು ಸಿಗುತ್ತಾಳೆ. ತಿರುಗಿದ ಆ ಗಳಿಗೆಗೇ ಗಂಡ ಹೋಗುತ್ತಾನೆ, ಇಷ್ಟು ವರ್ಷದ ಜುಮ್ಮೆಲ್ಲ ಕಟ್ಟಿಕೊಂಡು ಒಮ್ಮೆಲೇ ಹೋಗುತ್ತಾನೆ. ಒಂದೇ ಪದ, ಒಬ್ಬರನ್ನು ಕೊಟ್ಟು ಇನ್ನೊಬ್ಬರನ್ನು ಕಿತ್ತುಕೊಳ್ಳುತ್ತಿತ್ತು. ಇನ್ನೊಂದು ಸಂಜೆ ಎಂದುಕೊಂಡಳು. ಈ ಒಂದು ಸಂಜೆ ಅವನನ್ನು ಕಾದುಬಿಡುತ್ತೇನೆ, ನಾಳೆ ತಿರುಗುತ್ತೇನೆ. ಮಗಳು ಎಲ್ಲಿ ಹೋಗುತ್ತಾಳೆ, ಇಲ್ಲೇ ಬೆನ್ನ ಹಿಂದೆಯೇ ಇದ್ದಾಳಲ್ಲ.

ಮಾರನೆಯ ಸಂಜೆಯೂ ಹಾಗೇ ಅಂದುಕೊಂಡಳು. ಅದರ ಮಾರನೆಯ ಸಂಜೆಯೂ.

ಕೆಂಪಾಜಿ ದಿನದಿನಕ್ಕೆ ಮಾತು ಕಡಿಮೆ ಮಾಡಿದಳು. ಯಾರೂ ನೋಡದವರಿಗೆ ತಾವು ಇದ್ದೇವೆಯೋ ಇಲ್ಲವೋ ಎಂಬುದೇ ಅನುಮಾನವಾಗುತ್ತದೆ. ಅವಳು ಬಾವಿಗೆ ಬಗ್ಗಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಕಾಲೆಳೆದು ನಡೆದು, ಮಣ್ಣಿನಲ್ಲಿ ಮೂಡಿದ ಹೆಜ್ಜೆಯನ್ನು ತಿರುಗಿ ನೋಡುತ್ತಿದ್ದಳು. ಕೂಗು ಕೇಳಿದಾಗ ಒಮ್ಮೊಮ್ಮೆ ಊರಿನ ಜೊತೆ ಅವಳೂ, ಬರ್ತಾರೆ, ಎಂದುಬಿಡುತ್ತಿದ್ದಳು. ಹಾಗೆ ಅಂದ ಒಂದು ಸಂಜೆ ಅವಳಿಗೆ ತನ್ನ ಮೇಲೆಯೇ ಭಯವಾಯಿತು. ಇನ್ನೂ ಸ್ವಲ್ಪ ದಿನ ಇಲ್ಲಿದ್ದರೆ ಆ ಪದ ತನ್ನ ಹೆಸರಿಗೆ ಮೊದಲು ಕೂತದ್ದು ಸರಿಯೇ ಆಗಿಬಿಡುತ್ತದೆ ಎನ್ನಿಸಿತು.

ಆ ಸಂಜೆ ಅವಳು ಉಂಡಳು. ತಟ್ಟೆ ತೊಳೆದಳು. ತಾಯಿಯ ಹಿಂದೆ ಬಂದು ನಿಂತಳು.

"ಅವ್ವಾ, ನಾನು ಹೋಗ್ತೀನಿ. ತಿರುಗೋದಾದ್ರೆ ಈಗ ತಿರುಗು."

ತಾಯಿಯ ಕತ್ತಿನಲ್ಲಿ ಒಂದು ನರ ಎಳೆಯಿತು. ತುಟಿ ಬಿಚ್ಚಿತು. ಅದೇ ಹೊತ್ತಿಗೆ ಗಾಳಿಗೆ ಕದ ಅಲ್ಲಾಡಿತು, ಬೆನ್ನು ಜುಮ್ಮೆಂದಿತು. ಆ ಹಳೆಯ ಜುಮ್ಮು. ಅವಳು ಒಂದೇ ಒಂದು ಉಸಿರಿನಷ್ಟು ಹೊತ್ತು ಅವನಿಗಾಗಿ ಕಾದಳು.

ಆಮೇಲೆ ತಿರುಗಿದಳು. "ಬಾ ಮಗಳೇ, ಬಂದ್ಯಾ," ಎಂದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ತಟ್ಟೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಜಗಲಿಗೆ ಓಡಿದಳು, ಬೀದಿಗೆ ಓಡಿದಳು. ಬೀದಿಯುದ್ದಕ್ಕೂ ತೆರೆದ ಬಾಗಿಲು, ಬಾಗಿಲ ಒಳಗೆ ಬೆನ್ನು. ಹುಡುಗಿಯೊಬ್ಬಳು ಈ ಕಡೆ ಹೋದದ್ದನ್ನು ಕಂಡಿರಾ ಎಂದು ಕೇಳಿದಳು. ಯಾವ ಬೆನ್ನೂ ಉತ್ತರ ಕೊಡಲಿಲ್ಲ. ಆ ಬೆನ್ನುಗಳ ಸಾಲಿನಲ್ಲಿ ತನ್ನದನ್ನೂ ಕಂಡಳು ಅವಳು, ಮಗಳು ದಿನವೂ ಕಂಡ ಹಾಗೆ.

ಮನೆಗೆ ಹಿಂತಿರುಗಿ ಗಂಡನ ತಟ್ಟೆ ಕೈಗೆ ತೆಗೆದುಕೊಂಡಳು. ಅನ್ನ ಇನ್ನೂ ಬೆಚ್ಚಗಿತ್ತು. ಬೆಳಗಾಗುವ ತನಕ ಕಾಯದೆ, ಅಂಗಳದ ನಡುವೆ ತನ್ನ ಕೈಯಾರೆ ಅದನ್ನು ಕಾಗೆಗಳಿಗೆ ಸುರಿದು, ತಟ್ಟೆಯನ್ನು ಬೋರಲು ಹಾಕಿದಳು. ಅಲ್ಲೇ ಕುಕ್ಕರಿಸಿ ಅತ್ತಳು. ಆ ಊರಿನಲ್ಲಿ ದೊಡ್ಡವರ ಅಳುವಿನ ಸದ್ದು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಅಕ್ಕಪಕ್ಕದ ಮನೆಯ ಮಕ್ಕಳು ಅದು ಯಾವ ಪ್ರಾಣಿ ಎಂದು ಕೇಳಿದವು.

ಅತ್ತು ಮುಗಿಸಿ ಪ್ಲಾಟ್‌ಫಾರಂಗೆ ಹೋದಳು. ಹೆಸರು ಕೂಗುವವನು ಕಂದೀಲು ಎತ್ತಿಕೊಂಡು ಮನೆಗೆ ಹೊರಟಿದ್ದ.

"ನನ್ನ ಗಂಡ ಸತ್ತ," ಎಂದಳು. ಆ ಪದ ಬಾಯಿಂದ ಹೊರಡುವಾಗ ನಾಲಿಗೆ ತೊಡರಿತು. "ನನ್ನ ಮಗಳು ಲೇಟಾಗಿದ್ಲು, ಅಷ್ಟೆ. ಅವಳಿಗಿಂತ ಲೇಟಾದೋಳು ನಾನು. ನಾಳೆಯಿಂದ ಎಲ್ಲೆಲ್ಲಿ ಹಾಕ್ಬೇಕೋ ಅಲ್ಲಲ್ಲಿ ಹಾಕಿ, ಅಣ್ಣ."

ಅವನು ಕಂದೀಲು ಕೆಳಗಿಟ್ಟ. ಊರಬಾಗಿಲ ತನಕ ಅವಳ ಜೊತೆ ನಡೆದ. ಅಗುಳಿ ಆಗಲೇ ಸರಿದಿತ್ತು; ಅವಳು ಹೊರಗೆ ಹೋದ ಮೇಲೆ ಅದನ್ನು ಮತ್ತೆ ಹಾಕಿದ. ಯಾರಿಗೂ ಹೇಳಲಿಲ್ಲ.

ಮಾರನೆಯ ಸಂಜೆ ದೀಪ ಹಚ್ಚಿದರು. ಊರಬಾಗಿಲು ಮುಚ್ಚಿದರು. ಅವನು ಪ್ಲಾಟ್‌ಫಾರಂ ಮೇಲೆ ನಿಂತು ಕೂಗತೊಡಗಿದ. ಆ ತಾಯಿಯ ಗಂಡನ ಹೆಸರು ಬರುವಲ್ಲಿ ನಿಂತ. ಕೂಗಲಿಲ್ಲ, ಸುಮ್ಮನೆ ನಿಂತ. ಆ ಸುಮ್ಮನಿರುವಿಕೆಗೂ ಊರು ರೂಢಿಯಂತೆ, ಬರ್ತಾರೆ, ಎಂದಿತು. ಅವನು ಮುಂದಿನ ಹೆಸರಿಗೆ ಹೋದ. ಹಿಂದೆ ಹಾಕಬೇಕೆಂದೇ ಬಾಯಿ ತೆರೆದ. ನಾಲಿಗೆ ಅಭ್ಯಾಸದ ದಾರಿ ಹಿಡಿಯಿತು. ಲೇಟ್ ಕೆಂಪಾಜಿ. ಲೇಟ್ ಕೆಂಪಾಜಿಯವ್ವ.

ಬರ್ತಾರೆ, ಎಂದರು ಜನ. ಆ ಮನೆಯಲ್ಲಿ ತಟ್ಟೆ ಇಡುವವರು ಯಾರೂ ಇಲ್ಲವಲ್ಲ ಎಂದು ಪಕ್ಕದ ಮನೆಯಾಕೆ ತಾನೇ ಹೋಗಿ ಎರಡು ತಟ್ಟೆ ಬಡಿಸಿಟ್ಟು, ತನ್ನ ಮನೆಗೆ ಬಂದು ತಿರುಗಿ ಕೂತಳು.

ಆಗ ಹೊಳೆಯ ಕಡೆಯಿಂದ ದನಿಯೊಂದು ಕೇಳಿಸಿತು. ಕೆಂಪಾಜೀ, ಎಂದು ಕರೆಯುತ್ತಿತ್ತು. ಹೆಸರಿಗೆ ಮೊದಲು ಏನೂ ಇರಲಿಲ್ಲ. ಕೆಂಪಾಜೀ, ಲೇಟಾಯ್ತು ಕಣವ್ವಾ, ನಂದೇ ಲೇಟಾಯ್ತು. ಮತ್ತೆ ಅದೇ, ಸ್ವಲ್ಪ ದೂರದಿಂದ. ಮತ್ತೆ ಅದೇ, ಆಚೆ ದಡದಿಂದ.

ಆಮೇಲೆ ಅದಕ್ಕೆ ಇನ್ನೊಂದು ದನಿ ಓಗೊಟ್ಟಂತೆಯೂ ಆಯಿತು. ನಿಜವಾಗಿ ಓಗೊಟ್ಟಿತೋ, ಹೊಳೆಯ ದಡಕ್ಕೆ ತಾಗಿ ಅದೇ ದನಿ ಮರಳಿತೋ ಹೇಳುವವರು ಯಾರೂ ಇಲ್ಲ. ಊರಿನ ಎಲ್ಲರೂ ಕೇಳಿಸಿಕೊಂಡರು, ಒಬ್ಬರೂ ತಿರುಗಿ ನೋಡಲಿಲ್ಲ.